ಬಂದೂಕು ಮುಟ್ಟುವ ಮುಂಚೆ ನಿಮ್ಮ ವೀಸಾ ನೋಡಿಕೊಳ್ಳಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ಹೊಸದಾಗಿ ಬಂದ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: "ಅಣ್ಣಾ, ಶನಿವಾರ ಆಫೀಸಿನವರು ಶೂಟಿಂಗ್ ರೇಂಜ್‌ಗೆ ಕರೀತಿದ್ದಾರೆ, ಹೋಗಬಹುದಾ?" ಎಚ್1ಬಿ, ಎಲ್1, ಎಫ್1, ಎಚ್4, ಯಾವ ವೀಸಾ ಆದರೂ ನನ್ನ ಉತ್ತರ ಒಂದೇ. ಹೋಗಿ ನೋಡಿ ಬನ್ನಿ, ಆದರೆ ಬಂದೂಕು ಕೈಗೆ ತೆಗೆದುಕೊಳ್ಳಬೇಡಿ.

ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳಬಾರದು ಎಂದು ಇಲ್ಲಿನ ಫೆಡರಲ್ ಕಾನೂನು, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು, ಹೇಳುತ್ತದೆ. ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು. ರೇಂಜ್‌ನಲ್ಲಿ ಒಂದು ಗಂಟೆಗೆ ಬಾಡಿಗೆಗೆ ತೆಗೆದುಕೊಂಡರೂ ಅದೇ ಲೆಕ್ಕ. 2022ರಿಂದ ಇದಕ್ಕೆ 15 ವರ್ಷದವರೆಗೆ ಜೈಲು. ಅದರ ಮೇಲೆ ಗಡೀಪಾರು ಬೇರೆ. "ಟೆಕ್ಸಾಸ್‌ನಲ್ಲಿ ಲೈಸೆನ್ಸೇ ಬೇಡವಂತೆ" ಎನ್ನುವ ಮಾತು ನಂಬಿ ಹೊರಡಬೇಡಿ. ಲೈಸೆನ್ಸ್ ಇಲ್ಲದೆ ಪಿಸ್ತೂಲು ಜೊತೆಗಿಟ್ಟುಕೊಂಡು ಓಡಾಡಲು 2021ರಲ್ಲಿ ಬಂದ ಆ ಸಡಿಲಿಕೆ, ಬಂದೂಕು ಇಟ್ಟುಕೊಳ್ಳಲು ಮೊದಲೇ ಅರ್ಹರಾಗಿರುವವರಿಗೆ ಮಾತ್ರ.

ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಆದರೂ ಗ್ರೀನ್ ಕಾರ್ಡ್‌ಗೆ (ಇಲ್ಲಿ ಕಾಯಂ ನೆಲೆಸುವ ಅನುಮತಿಗೆ) ಕಾಯುತ್ತಿರುವವರು ಇಮಿಗ್ರೇಷನ್ ವಕೀಲರನ್ನು ಕೇಳದೆ ಈ ದಾರಿ ಹಿಡಿಯಬೇಡಿ.

ಊರಿಂದ ಬರುವ ಅಪ್ಪ ಅಮ್ಮನಿಗೂ ಇದನ್ನು ಮೊದಲೇ ಹೇಳಿಡಿ. ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಹೊಸದೇನಲ್ಲ. ಚುನಾವಣೆ ಬಂತೆಂದರೆ ಠಾಣೆಗೆ ಕೊಟ್ಟು, ಮುಗಿದ ಮೇಲೆ ತಂದುಕೊಂಡವರೇ ನಾವು. ಕೊಡವರಿಗಂತೂ ಅಲ್ಲಿ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ, ಅವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುತ್ತದೆ. ಅಲ್ಲಿ ಎಷ್ಟೇ ಪಳಗಿದ ಕೈಯಾದರೂ ವಿಸಿಟರ್ ವೀಸಾದಲ್ಲಿ ಬಂದ ಮೇಲೆ ಇಲ್ಲಿನ ನಿಯಮವೇ.

ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು. ಅಂಗಡಿಯಲ್ಲಿ 4473 ಎಂಬ ಫಾರ್ಮ್ ತುಂಬಬೇಕು. ಪಿಸ್ತೂಲಿಗೆ 21 ವರ್ಷ, ರೈಫಲ್ಲಿಗೆ 18 ತುಂಬಿರಬೇಕು. ಅಂಗಡಿಯವರು ನಿಮ್ಮ ವಿವರವನ್ನು ಎಫ್‌ಬಿಐ ನಡೆಸುವ ನಿಕ್ಸ್ ಎಂಬ ಹಿನ್ನೆಲೆ ಪರಿಶೀಲನಾ ವ್ಯವಸ್ಥೆಯಲ್ಲಿ ಪರೀಕ್ಷಿಸುತ್ತಾರೆ. 1993ರ ಬ್ರೇಡಿ ಕಾಯ್ದೆಯಿಂದ ಹುಟ್ಟಿ 1998ರಲ್ಲಿ ಶುರುವಾದ ವ್ಯವಸ್ಥೆ ಇದು. ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ಬೇರೆ ಯಾರದೋ ಹೆಸರಿಗೆ ನಿಮ್ಮ ಹೆಸರು ಹೋಲಿದರೂ "ತಡೆಯಿರಿ" ಎಂದು ಬರಬಹುದು, ಗಾಬರಿಯಾಗಬೇಡಿ. ಇದು ಫೆಡರಲ್ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಇದರ ಮೇಲೆ 10 ದಿನ ಕಾಯಬೇಕು, ಇಲಿನಾಯ್‌ನಲ್ಲಿ ರಾಜ್ಯದ ಕಾರ್ಡ್ ಬೇಕು.

ಫಾರ್ಮ್‌ನ ಪ್ರಶ್ನೆಗಳನ್ನು ಸುಮ್ನೆ ಟಿಕ್ ಮಾಡಿ ದಾಟಬೇಡಿ. ಗಾಂಜಾ ಸೇದುತ್ತೀರಾ ಎಂದು ಕೇಳುತ್ತಾರೆ. ನಿಮ್ಮ ರಾಜ್ಯದಲ್ಲಿ ಅದಕ್ಕೆ ಅನುಮತಿ ಇದ್ದರೂ ಫೆಡರಲ್ ಕಾನೂನು ಒಪ್ಪುವುದಿಲ್ಲ ಎಂದು ಫಾರ್ಮ್‌ನಲ್ಲೇ ಎಚ್ಚರಿಕೆ ಇದೆ. ಮನೆಯೊಳಗಿನ ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ಅದು ಸಣ್ಣ ಅಪರಾಧವೇ ಆಗಿರಲಿ, ಸಾಮಾನ್ಯವಾಗಿ ಬಂದೂಕು ಸಿಗುವುದಿಲ್ಲ. ಸುಳ್ಳು ಬರೆಯುವುದೇ ಬೇರೆ ಅಪರಾಧ.

ನನಗೆ ಜಾಸ್ತಿ ಭಯ ಸ್ನೇಹದಲ್ಲಿ ಆಗುವ ತಪ್ಪಿನದು. "ನಿನಗೆ ಗ್ರೀನ್ ಕಾರ್ಡ್ ಇದೆಯಲ್ಲ, ನನಗೊಂದು ತೆಗೆದುಕೊಡು" ಎಂದು ರೂಮ್‌ಮೇಟ್ ಕೇಳಿದರೆ ಖಡಾಖಂಡಿತ ಬೇಡ ಎನ್ನಿ. ಇನ್ನೊಬ್ಬರಿಗಾಗಿ ನಿಮ್ಮ ಹೆಸರಲ್ಲಿ ಕೊಂಡರೆ ನಿಮಗೂ 15 ವರ್ಷದವರೆಗೆ ಶಿಕ್ಷೆ. ಟೆಕ್ಸಾಸ್‌ನಂಥ ಕಡೆ ಪಕ್ಕದ ಮನೆಯವರಿಂದ ಕೊಂಡರೆ ನಿಕ್ಸ್ ಪರೀಕ್ಷೆ ನಡೆಯದಿರಬಹುದು. ಹಾಗಂತ ನಿಷೇಧ ಇದ್ದವರು ಕೊಂಡರೆ ಅದು ಅಪರಾಧವೇ.

ಕೊಳ್ಳದವರಿಗೂ ಒಂದು ಮಾತು. ಮಗುವನ್ನು ಬೇರೆ ಮನೆಗೆ ಆಡಲು ಕಳಿಸುವ ಮುಂಚೆ, "ನಿಮ್ಮಲ್ಲಿ ಬಂದೂಕು ಇದೆಯಾ, ಬೀಗ ಹಾಕಿ ಇಟ್ಟಿದ್ದೀರಾ?" ಎಂದು ಕೇಳಿ. ನಾವು ಮೊದಲ ಸಲ ಕೇಳುವಾಗ ತುಂಬಾ ಸಂಕೋಚವಾಗಿತ್ತು. ಆ ತಾಯಿ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಒಳಗೆ ಕರೆದು, ಬೀಗ ಹಾಕಿದ ಪೆಟ್ಟಿಗೆ ತೋರಿಸಿದರು.