ಶಾಲೆ ಗೋಡೆ ಮೇಲೆ ಗಾದೆಗಳು: ನನ್ನ ಅನುಭವ

ಶಾಲೆಯ ಕಾಂಪೌಂಡ್ ಗೋಡೆಗೆ ಗಾದೆಗಳ ಚಿತ್ರ ಬರೆಯಲು ಹೊರಟಾಗ ಒಂದೇ ನಿಯಮ ಇಟ್ಟುಕೊಂಡೆ. ಗಾದೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಅದರ ನೀತಿಯನ್ನಲ್ಲ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅಂದರೆ ಲಂಚ ತಿನ್ನುವ ಅಧಿಕಾರಿಯ ಚಿತ್ರ ಬೇಡ. ಕಳ್ಳಿ ಬೇಲಿಗೇ ಬಾಯಿ ಬರೆದು, ಹಲ್ಲಿನ ಸಂದಿಯಲ್ಲಿ ರಾಗಿ ತೆನೆ ಸಿಕ್ಕಿಸಿದೆ. ಮಕ್ಕಳು ಮೊದಲು ನಕ್ಕರು. ಆಮೇಲೆ ‘ಕಾಯೋದೇ ತಿಂದ್ರೆ ಹೆಂಗೆ?’ ಅಂತ ಅವರೇ ಕೇಳಿದರು.

ಈ ದಾರಿ ಹೊಸದೇನಲ್ಲ. ಪೀಟರ್ ಬ್ರೂಗೆಲ್ ಅನ್ನೋ ಚಿತ್ರಕಾರ 1559ರಲ್ಲೇ ನೆದರ್‌ಲ್ಯಾಂಡ್ಸ್ ಕಡೆಯ ನೂರಕ್ಕೂ ಹೆಚ್ಚು ಗಾದೆಗಳನ್ನು ಒಂದೇ ಊರಿನ ಚಿತ್ರದಲ್ಲಿ ತುಂಬಿದ್ದ. ಓಕ್ ಹಲಗೆ, ಅಗಲ 163 ಸೆಂಟಿಮೀಟರ್ ಅಷ್ಟೇ. ಈಗ ಬರ್ಲಿನ್‌ನಲ್ಲಿದೆ. ಅದರಲ್ಲೊಬ್ಬ ಕರು ಮುಳುಗಿ ಸತ್ತ ಮೇಲೆ ಬಾವಿ ಮುಚ್ಚುತ್ತಾನೆ. ನಮ್ಮವರು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುತ್ತಾರೆ. ಇನ್ನೊಬ್ಬ ಹಂದಿಗಳ ಮುಂದೆ ಗುಲಾಬಿ ಚೆಲ್ಲುತ್ತಾನೆ. ನಾವು ಕೋಣನ ಮುಂದೆ ಕಿನ್ನರಿ ಬಾರಿಸುತ್ತೇವೆ. ಅಲ್ಲಿ ಯಾವ ಗಾದೆಯನ್ನೂ ಅಕ್ಷರದಲ್ಲಿ ಬರೆದಿಲ್ಲ. ನಾನೂ ಬರೆಯಲಿಲ್ಲ. ಹೆಡ್‌ಮಾಸ್ಟರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. “ಕೆಳಗೆ ಬರೆದುಬಿಡಿ ಸಾರ್, ಓದಿಕೊಳ್ತಾರೆ” ಅಂದರು. ಓದಿಬಿಟ್ಟರೆ ಚಿತ್ರ ಯಾರು ನೋಡ್ತಾರೆ ಹೇಳಿ?

ಗೋಡೆ ಕೆಲಸ ಎಲ್ಲ ಕಡೆ ಇರುವಂಥದ್ದೇ. ಹಳೇ ಸುಣ್ಣ ಕೆರೆದು, ಪ್ರೈಮರ್ ಹೊಡೆದು, ಇದ್ದಿಲಲ್ಲಿ ಗೆರೆ ಹಾಕಿ, ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್‌ಗೆ ಸ್ಟೈನರ್ (ಬಣ್ಣ ಕೊಡುವ ಗಾಢ ದ್ರವ) ಬೆರೆಸಿಕೊಂಡೆ.

ತಲೆ ಜಾಸ್ತಿ ಓಡಿಸಬೇಕಾಗಿದ್ದು ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಗಾದೆಗೆ. ನೆಲ ಒಂಚೂರು ಓರೆಯಾದರೂ ಅವಳ ಮಾತೇ ನಿಜವಾಗಿಬಿಡುತ್ತೆ, ಅಲ್ವಾ? ಅದಕ್ಕೆ ದಾರಕ್ಕೆ ಬಣ್ಣದ ಪುಡಿ ಹಚ್ಚಿ, ಎರಡೂ ಕಡೆ ಬಿಗಿಯಾಗಿ ಹಿಡಿದು, ಚಿಮ್ಮಿಸಿ ನೇರ ಗೆರೆ ತೆಗೆದೆ. ಸಾರಿಸಿದ ಅಂಗಳ, ಅದರ ಮೇಲೆ ಅಚ್ಚುಕಟ್ಟಾದ ರಂಗೋಲಿ, ಅದರತ್ತ ಬೆರಳು ತೋರಿಸುವ ಹೆಂಗಸು. ಗೆಜ್ಜೆಯನ್ನು ಒಂದೇ ಕಾಲಿಗೆ ಕಟ್ಟಿದೆ. ಅದು ಗಾದೆಯಲ್ಲಿಲ್ಲ, ನನ್ನ ಕಡೆಯಿಂದ.

‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಗಾದೆಗೆ ಕೆರೆ ಏರಿಯ ಇಳಿಜಾರೇ ಸಾಕಾಯಿತು. ನೊಗ ನಡುವೆ ವಾಲಿದೆ, ರೈತ ಹಿಂದೆ ಜೋತಾಡುತ್ತಿದ್ದಾನೆ. ‘ಕೋಣಂದೇನು ತಪ್ಪು, ಅದಕ್ಕೆ ಸೆಕೆ’ ಅಂದಳು ಒಬ್ಬ ಹುಡುಗಿ. ಸರಿಯಾದ ಮಾತು. ಕೋಣಕ್ಕೆ ಬೆವರಿನ ಗ್ರಂಥಿಗಳು ಕಡಿಮೆ, ನೀರು ಅದಕ್ಕೆ ಬೇಕೇ ಬೇಕು. ಜೊತೆಗೆ ಕಟ್ಟಿದವನದೇ ತಪ್ಪು ಅಂತ ಮಕ್ಕಳು ತೀರ್ಮಾನಿಸಿದರು. ನಾನು ಅಷ್ಟು ಯೋಚಿಸಿರಲಿಲ್ಲ!

ಮೇಕೆ ಮೂತಿಗೆ ಕೋತಿ ಒರೆಸಿದ್ದು ಬೆಣ್ಣೆಯೋ ಮೊಸರನ್ನವೋ ಅಂತ ಹಿರಿಯರಲ್ಲಿ ವಾದ ಎದ್ದಿತು. ಬಿಳಿ ಬಣ್ಣ ಬಳಿದೆ, ಇಬ್ಬರಿಗೂ ಸಮಾಧಾನ.

‘ತಾಳಿದವನು ಬಾಳಿಯಾನು’ ಒಳ್ಳೆಯ ಮಾತೇ. ಆದರೆ ಅದರೊಳಗೆ ಕಣ್ಣಿಗೆ ಸಿಗುವ ಒಂದು ವಸ್ತುವೂ ಇಲ್ಲ. ಬಿಟ್ಟೆ. ಜಾತಿ ಹೆಸರು ಹಿಡಿದು ಹೀಯಾಳಿಸುವ ಗಾದೆಗಳನ್ನೂ ಹಿರಿಯರು ಹೇಳಿದರು, ಅದೂ ಹುಮ್ಮಸ್ಸಿನಿಂದ. ಅವು ಶಾಲೆ ಗೋಡೆಗೆ ಬೇಡ ಅಂದೆ. ಆ ಜಾಗಕ್ಕೆ ಬೆಟ್ಟ ಅಗೆದು ಇಲಿ ಹಿಡಿಯುವವರು ಬಂದರು. ಇಲಿಯನ್ನು ಬೇಕಂತಲೇ ಹೆಬ್ಬೆರಳಿನಷ್ಟೇ ಬರೆದಿದ್ದೇನೆ, ಹುಡುಕಲಿ.