ಕಾಲು ಊರುವ ಧೈರ್ಯ

ದಾವಣಗೆರೆಯಲ್ಲಿ ನನ್ನ ಬಳಿ ಫಿಸಿಯೋಥೆರಪಿಗೆ ಬರುವವರಲ್ಲಿ ಬೈಕಿನಿಂದ ಬಿದ್ದವರು, ಎಪಿಎಂಸಿಯಲ್ಲಿ ಮೂಟೆ ಹೊರುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರೇ ಹೆಚ್ಚು. ಮುರಿದ ಕಾಲಿನ ಮೂಳೆಗೆ ರಾಡ್ ಹಾಕಿಸಿಕೊಂಡು ತಿಂಗಳುಗಳಾಗಿ, ಎಕ್ಸ್‌ರೇ ನೋಡಿದ ಡಾಕ್ಟರು "ಮೂಳೆ ಕೂಡ್ತಾ ಇದೆ, ಭಾರ ಹಾಕಿ" ಅಂದ ಮೇಲೂ ಕೆಲವರಿಗೆ ಕಾಲು ಊರುವ ಧೈರ್ಯ ಬರುವುದಿಲ್ಲ. "ಇದು ನನ್ ಕಾಲು ಅಂತಾನೇ ಅನ್ಸಲ್ಲ ಸಾರ್" ಅನ್ನುತ್ತಾರೆ.

ಇದನ್ನು ಸೋಮಾರಿತನ ಅಂದುಕೊಂಡರೆ ಚಿಕಿತ್ಸೆ ಅಲ್ಲಿಗೇ ಕೆಟ್ಟಿತು. ಭಯದಿಂದ ಕಾಲು ಆಡಿಸದೆ ಇದ್ದರೆ ತೊಡೆಯ ಸ್ನಾಯು ಕರಗುತ್ತದೆ, ಮಂಡಿ ಬಿಗಿಯುತ್ತದೆ. ಆಮೇಲೆ ಸ್ವಲ್ಪ ಆಡಿಸಿದರೂ ನೋವು. "ನಾ ಹೇಳಿರ್ಲಿಲ್ವಾ" ಅಂತ ಭಯ ಇನ್ನಷ್ಟು ಗಟ್ಟಿಯಾಗುತ್ತದೆ. ಈ ಭಯವನ್ನು ಅಳೆಯಲು ಟ್ಯಾಂಪಾ ಸ್ಕೇಲ್ ಎಂಬ 17 ಹೇಳಿಕೆಗಳ ಪಟ್ಟಿ ಇದೆ. ನಾನು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಕಾಲು ಊರಿದ್ರೆ ಏನಾಗುತ್ತೆ ಅಂತ ಹೆದರಿಕೆ?" "ರಾಡ್ ಮುರಿಯುತ್ತೆ" ಅನ್ನುವವರೇ ಜಾಸ್ತಿ. ಆಗ ಅವರದೇ ಎಕ್ಸ್‌ರೇ ಕಿಟಕಿಗೆ ಹಿಡಿದು ತೋರಿಸುತ್ತೇನೆ.

ಒಬ್ಬ ಹಮಾಲರಿಗೆ ಎಕ್ಸ್‌ರೇಯೂ ಸಾಲಲಿಲ್ಲ. ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ ಎಂಬ ನನ್ನ ಲೆಕ್ಕ ಅವರಿಗೆ ಬೇಕಿರಲಿಲ್ಲ. ಆದರೆ ಮೆಕ್ಕೆಜೋಳದ ಚೀಲ ಹೊತ್ತ ಹೆಗಲಿಗೆ ಕಿಲೋ ಅಂದರೆ ಏನೆಂದು ಗೊತ್ತಿತ್ತು. ಮುಳ್ಳಿನ ತೂಕದ ಯಂತ್ರ ತಂದು, ವಾಕರ್ ಹಿಡಿಸಿ, ಪೆಟ್ಟಾದ ಕಾಲನ್ನು ಅದರ ಮೇಲೆ ಇಡಿಸಿದೆ. "ಡಾಕ್ಟರು 20 ಕಿಲೋ ಹಾಕಬಹುದು ಅಂದಿದ್ದಾರೆ. ನೀವೇ ಒತ್ತಿ, ನೀವೇ ನೋಡ್ಕೊಳ್ಳಿ" ಅಂದೆ. ಮುಳ್ಳು ಐದಕ್ಕೆ ಬಂದಾಗ ಮೇಲ್ತುಟಿಯ ಮೇಲೆ ಬೆವರು, ವಾಕರ್ ಹಿಡಿದ ಬೆರಳು ಬಿಳಿಚಿಕೊಂಡಿದ್ದವು. ನಾನು ಕಾಲು ಮುಟ್ಟಲಿಲ್ಲ. ಎಂಟು, ಹತ್ತು. ಒಮ್ಮೆ ತೆಗೆದರು, ಮತ್ತೆ ಅವರೇ ಇಟ್ಟರು. ಮರುದಿನ ಬಾಗಿಲಲ್ಲೇ "ಇವತ್ತು ಹದಿನೈದು ಮಾಡಣ" ಅಂದರು. ಬಾಯಿಮಾತಿನ ಸಮಾಧಾನಕ್ಕಿಂತ ತನ್ನ ಕಣ್ಣೆದುರೇ ಏರುವ ಮುಳ್ಳಿಗೆ ಬಲ ಹೆಚ್ಚು ಎಂಬುದು ನನ್ನ ನಂಬಿಕೆ.

ಗುರಿಯನ್ನೂ ಅವರಿಂದಲೇ ಹೇಳಿಸುತ್ತೇನೆ. ಆ ಹಮಾಲರು ಮೊದಲು ಕೇಳಿದ್ದು ಕೆಲಸಕ್ಕೆ ಮರಳುವುದನ್ನಲ್ಲ, ಹೆಂಡತಿಯ ಕೈ ಹಿಡಿಯದೆ ಹಿತ್ತಲಿನ ಬಚ್ಚಲಿಗೆ ಹೋಗುವುದನ್ನು. ಹೇಳುವಾಗ ತಲೆ ತಗ್ಗಿಸಿದ್ದರು. ಬಿದ್ದ ಮನುಷ್ಯನನ್ನು ನೋವಿಗಿಂತ ಈ ಪರಾಧೀನತೆ ಹೆಚ್ಚು ಕೊರೆಯುತ್ತದೆ. ಹಾಗಾಗಿ ಬಚ್ಚಲಿನ ಎರಡು ಮೆಟ್ಟಿಲನ್ನೇ ವ್ಯಾಯಾಮ ಮಾಡಿದೆವು. "ಪಾಪ, ನೀವ್ ಏಳಬೇಡಿ" ಅನ್ನುತ್ತಿದ್ದ ಮನೆಯವರಿಗೆ, ನೀರಿನ ಲೋಟ ಅವರೇ ತಗೊಳ್ಳಲಿ ಎಂದು ಹೇಳಿದೆ.

ನೋವೇ ಇರಬಾರದು ಅಂತ ನಾನು ಹೇಳುವುದಿಲ್ಲ. ನೋವಿಗೆ ಹತ್ತಕ್ಕೆ ಅಂಕ ಕೊಟ್ಟರೆ ಮೂರ್ನಾಲ್ಕರಷ್ಟಿದ್ದು ಬೆಳಗಾಗುವಷ್ಟರಲ್ಲಿ ಇಳಿದರೆ ತೊಂದರೆಯಿಲ್ಲ, ಇಳಿಯದಿದ್ದರೆ ಮರುದಿನ ವ್ಯಾಯಾಮ ತಗ್ಗಿಸುತ್ತೇನೆ.

ನನ್ನ ಕೈ ಮೀರಿದ್ದೂ ಇರುತ್ತದೆ. ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆಯಲ್ಲಿ ಅಪಘಾತವೇ ಬರುತ್ತದೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂತೆಂದರೆ ತಡಮಾಡದೆ ಮನೋವೈದ್ಯರಲ್ಲಿಗೆ ಕಳಿಸುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ವ್ಯಾಯಾಮದ ಚೀಟಿಯ ಮೇಲೇ ಬರೆದುಕೊಡುತ್ತೇನೆ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ಶುರುವಾದರೂ ವ್ಯಾಯಾಮ ನಿಲ್ಲಿಸುವುದಿಲ್ಲ. ಹೇಳಿದ ಹೊತ್ತಿಗೆ ಬರದಿದ್ದರೆ ನಾನೇ ಫೋನ್ ಮಾಡಿ ಕರೆಸುತ್ತೇನೆ.