ಟೈಟಲ್ ಮೇಲಿನ ಓರೆಗೆರೆ: ಕ್ಯಾಲಿಫೋರ್ನಿಯಾದಲ್ಲಿ ಹಳೇ ಎಸ್‌ಯುವಿ ಕೊಳ್ಳುವ ನಮ್ಮೂರವರಿಗೆ

ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಸಾಗರದ ಹುಡುಗ ಸನ್ನಿವೇಲ್‌ನಿಂದ ಫೋನ್ ಮಾಡಿದ. ದೊಡ್ಡಮ್ಮನ ಮಗಳ ಮಗ. "ಮಾವ, ಕಾರು ಮಾರ್ಬೇಕು. ಇವಳು ಊರಿಗೆ ಹೋಗಿ ಆಯ್ತು. ಈಗ ಅವಳ ಸಹೀನೂ ಬೇಕಂತೆ" ಅಂದ.

"ಕಾರಿನ ಟೈಟಲ್ ಪತ್ರದಲ್ಲಿ ನಿಮ್ಮಿಬ್ಬರ ಹೆಸರಿನ ಮಧ್ಯೆ ಎಂತ ಇದೆ ನೋಡು" ಅಂದೆ. ಸ್ವಲ್ಪ ಹೊತ್ತು ಕಾಗದದ ಸದ್ದು.

"ಏನಿಲ್ಲ ಮಾವ. ಒಂದು ಓರೆಗೆರೆ ಇದೆ, ಅಷ್ಟೆ."

ಅಷ್ಟೆ ಅಂತೆ! ಆ ಗೆರೆ 2018ರಲ್ಲಿ ನನ್ನ ಮೂರೂವರೆ ತಿಂಗಳು ತಿಂದಿತ್ತು. ನನಗೆ ಗೊತ್ತಿರುವಂತೆ ಅದಕ್ಕೆ ಸಿಕ್ಕಿಬಿದ್ದವರಲ್ಲಿ ಇವನು ನಾಲ್ಕನೆಯವನು. ಅದಕ್ಕೇ ಶಿವಮೊಗ್ಗದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಯಾವ ಕಾರು ಅನ್ನುವುದನ್ನು ಬೇಗ ಮುಗಿಸುತ್ತೇನೆ. ಅಪ್ಪ ಅಮ್ಮ ಆರು ತಿಂಗಳಿಗೆ ಬರುತ್ತಾರೆ, ಮಗುವಿಗೆ ಕಾರ್ ಸೀಟ್ ಬೇಕು, ಅಕ್ಕಿ ಮೂಟೆ ತರಬೇಕು. ಎಲ್ಲರೂ ಕೊನೆಗೆ ಮೂರು ಸಾಲಿನ ಹಳೇ ಎಸ್‌ಯುವಿಗೇ ಬಂದು ನಿಲ್ಲುತ್ತಾರೆ. ಆಗ ಆಫೀಸಿನಲ್ಲಿ ಯಾರಾದರೂ ಹೇಳುತ್ತಾರೆ, ನಾಲ್ಕು ಸಿಲಿಂಡರ್ ಬೇಡ, ಗುಡ್ಡ ಹತ್ತುವುದಿಲ್ಲ, ವಿ6 ತಗೋ ಅಂತ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಗುಂಬೆ ಘಾಟಿಯ 14 ತಿರುವನ್ನು 800 ಸಿಸಿ ಕಾರಿನಲ್ಲಿ ಐದು ಜನ, ಎರಡು ಹಲಸಿನಹಣ್ಣು ತುಂಬಿಕೊಂಡು ಹತ್ತಿದ ಮನೆ ನಮ್ಮದು. 2.7 ಲೀಟರ್ ಎಂಜಿನ್ ಸಾಲದು ಅಂದರೆ ನಗು ಬರುವುದಿಲ್ವಾ?

ನಾನು ತಗೊಂಡದ್ದು 2010ರ ಟೊಯೋಟಾ ಹೈಲ್ಯಾಂಡರ್. ಅಲ್ಲಿ 2009ರಿಂದ 2019ರವರೆಗಿನ ಮಾಡೆಲ್ ನಾಲ್ಕು ಸಿಲಿಂಡರಿನಲ್ಲೂ ಸಿಗುತ್ತದೆ. ಟೇಹೋ ಗುಡ್ಡದಲ್ಲಿ ಸ್ವಲ್ಪ ಗೊಣಗುತ್ತಿತ್ತು, ನಿಲ್ಲಲಿಲ್ಲ. ಹಿಂದೆ ಟ್ರೈಲರ್ ಎಳೆಯುವ ಆಸೆ ಇದ್ದರೆ ಮಾತ್ರ ಬೇಡ. ಅದರ ಎಳೆಯುವ ಮಿತಿ ವಿ6ಗಿಂತ ಕಡಿಮೆ. ನಮ್ಮವರು ದೋಣಿ ಎಳೆದದ್ದನ್ನು ನಾನಂತೂ ನೋಡಿಲ್ಲ.

ಹಾಗಂತ ಎಲ್ಲ ನಾಲ್ಕು ಸಿಲಿಂಡರೂ ಒಂದೇ ಅಲ್ಲ. ಹ್ಯುಂಡೈ, ಕಿಯಾದ ಥೀಟಾ 2 ಎಂಜಿನ್‌ಗೆ 2015ರಲ್ಲಿ, ಮತ್ತೆ 2017ರಲ್ಲಿ ರಿಕಾಲ್ ಬಂತು, ಅಂದರೆ ದೋಷ ಇದೆ ಅಂತ ಕಂಪನಿಯೇ ಕಾರನ್ನು ವಾಪಸ್ ಕರೆಯಿತು. ಸಾಂಟಾ ಫೆ ಸ್ಪೋರ್ಟ್, ಸೊರೆಂಟೊ ಎರಡೂ ಆ ಪಟ್ಟಿಯಲ್ಲಿದ್ದವು. ಕಾರಿನ ಗುರುತಿನ ಸಂಖ್ಯೆಯಾದ 17 ಅಕ್ಷರದ ವಿನ್ ನಂಬರನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿದರೆ ಬಾಕಿ ಉಳಿದ ರಿಕಾಲ್ ಪುಕ್ಕಟೆ ಕಾಣುತ್ತದೆ. ಇದು ನಮ್ಮಲ್ಲೂ ಇಷ್ಟೇ ಸಲೀಸಾಗಿ ಸಿಕ್ಕಿದ್ದರೆ ಅಂತ ಈಗಲೂ ಹೊಟ್ಟೆಕಿಚ್ಚು. ಕೊಂಡ ಮೇಲೆ ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡಿ. ಕೆಂಪು ದೀಪ ಹತ್ತಲಿ ಅಂತ ಕಾಯಬೇಡಿ. ಆಯಿಲ್ ಬದಲಿಸಿದ ರಸೀದಿ ಒಂದನ್ನೂ ಎಸೆಯಬೇಡಿ. ಡೀಲರ್ ಹತ್ತಿರ ಕೊಂಡರೆ ಕಿಟಕಿಗೆ ಅಂಟಿಸಿದ ಬೈಯರ್ಸ್ ಗೈಡ್ ಓದಿ. ಅದರಲ್ಲಿ 'ಆಸ್ ಈಸ್' ಅಂತ ಗುರುತು ಇದ್ದರೆ ಗೇಟು ದಾಟಿದ ಮೇಲೆ ಕೆಟ್ಟದ್ದೆಲ್ಲ ನಿಮ್ಮದೇ.

ಈಗ ಆ ಗೆರೆಗೆ ಬರೋಣ.

ನಮ್ಮ ಕಡೆ ಆರ್‌ಸಿಯೇ ಎಲ್ಲ. ಅಲ್ಲಿ ಎರಡು ಕಾಗದ. ರಿಜಿಸ್ಟ್ರೇಷನ್ ಅಂದರೆ ರಸ್ತೆಯಲ್ಲಿ ಓಡಿಸುವ ಹಕ್ಕು, ವರ್ಷ ವರ್ಷ ದುಡ್ಡು ಕಟ್ಟಬೇಕು. ಟೈಟಲ್ ಅಂದರೆ ಒಡೆತನದ ಪತ್ರ. ಕಾರು ಮಾರುವುದು ಅಂದರೆ ಟೈಟಲ್‌ಗೆ ಸಹಿ ಹಾಕಿ ಕೊಡುವುದು. ಮನೆಯವರ ಹೆಸರೂ ಇರಲಿ ಅಂತ ನಾವು ಪ್ರೀತಿಯಿಂದ ಇಬ್ಬರ ಹೆಸರು ಹಾಕಿಸುತ್ತೇವೆ. ಇಬ್ಬರ ಮಧ್ಯೆ 'ಆರ್' (ಅಥವಾ) ಅಂತ ಇದ್ದರೆ ಯಾರಾದರೂ ಒಬ್ಬರು ಸಹಿ ಹಾಕಿದರೆ ಸಾಕು. 'ಆಂಡ್' (ಮತ್ತು) ಅಂತ ಇದ್ದರೆ ಇಬ್ಬರೂ ಹಾಕಬೇಕು. ಕ್ಯಾಲಿಫೋರ್ನಿಯಾದ ಟೈಟಲ್‌ನಲ್ಲಿ 'ಆಂಡ್' ಅಂತ ಬಿಡಿಸಿ ಬರೆದಿರುವುದಿಲ್ಲ. ಓರೆಗೆರೆಯೇ 'ಆಂಡ್'. ಡೀಲರ್ ಕಡೆಯ ಗುಮಾಸ್ತ ಇದನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಹತ್ತಾರು ಹಾಳೆಗೆ ಸಹಿ ಹಾಕಿಸುತ್ತಾನೆ, ಕೀ ಕೊಡುತ್ತಾನೆ, ನಾವು ಸ್ಟೇರಿಂಗಿಗೆ ಕುಂಕುಮ ಹಚ್ಚಿ ಹೊರಡುತ್ತೇವೆ.

ನಮ್ಮದು ಹೀಗಾಯಿತು. ಜೂನ್ ಮೊದಲ ವಾರ ಹೆಂಡತಿ ಮಗಳನ್ನು ಕರೆದುಕೊಂಡು ತೀರ್ಥಹಳ್ಳಿಗೆ ಬಂದಳು, ಶಾಲೆ ಶುರುವಾಗುತ್ತದಲ್ಲ. ನಾನು ಕಾರು ಮಾರಿ ಜುಲೈ ಕೊನೆಗೆ ಹೊರಡುವುದು ಅಂತ ಮಾತು. ಸ್ಮಾಗ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ಮಾಡಿಸಿ ಇಟ್ಟುಕೊಂಡೆ. ಅಲ್ಲಿ ಆ ಸರ್ಟಿಫಿಕೇಟ್ ಕೊಡುವುದು ಮಾರುವವನ ಕೆಲಸ, ಅದಕ್ಕೆ 90 ದಿನ ಆಯುಸ್ಸು. ಮೊದಲು ಬಂದ ಗಿರಾಕಿ ಟೈಟಲ್ ನೋಡಿ, "ಇನ್ನೊಬ್ಬರು ಎಲ್ಲಿ?" ಅಂದ. ತೀರ್ಥಹಳ್ಳಿ ಅಂದೆ. ಅವನು ಹೊರಟುಹೋದ.

ಹಳೇ ಕಾರು ಕೊಳ್ಳುವ ದೊಡ್ಡ ಅಂಗಡಿಗೆ ಹೋದೆ. ಹೆಂಡತಿಯ ಪವರ್ ಆಫ್ ಅಟಾರ್ನಿ ತನ್ನಿ, ಅಮೆರಿಕದ ನೋಟರಿ ಮುದ್ರೆ ಇರಲಿ ಅಂದರು. ಆಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಚೆನ್ನೈಗೆ ಹೋಗಬೇಕು. ಒಂದು ಮುದ್ರೆಗೆ 50 ಡಾಲರ್. ಜುಲೈ ಮಳೆಯಲ್ಲಿ ಏಳು ವರ್ಷದ ಮಗಳನ್ನು ಕಟ್ಟಿಕೊಂಡು ಅವಳು ತೀರ್ಥಹಳ್ಳಿಯಿಂದ ಚೆನ್ನೈಗೆ ಹೋಗುವುದಾ?

"ರೀ, ಆ ಕಾರನ್ನ ಯಾರಿಗಾದ್ರೂ ದಾನ ಮಾಡಿ ಬಂದ್ಬಿಡಿ" ಅಂದಳು.

"ದಾನಕ್ಕೂ ನಿನ್ನ ಸಹಿ ಬೇಕು ಮಾರಾಯ್ತಿ."

ಕೊನೆಗೆ ಟೈಟಲನ್ನೇ ಕೊರಿಯರ್ ಮಾಡಿದೆ. ಶಿವಮೊಗ್ಗದವರೆಗೆ ಸುಖವಾಗಿ ಬಂತು. ಅಲ್ಲಿಂದ ಮುಂದೆ ಮಳೆಯಲ್ಲಿ ಎಲ್ಲಿ ಕೂತಿತ್ತೋ, ಅವಳ ಕೈ ಸೇರುವಾಗ ಮೂಲೆ ಒದ್ದೆ. ಅವಳು ಭಯಭಕ್ತಿಯಿಂದ ಸಹಿ ಹಾಕಿದಳು, ಆದರೆ ಕೊಳ್ಳುವವರು ಹಾಕುವ ಜಾಗದಲ್ಲಿ. ತಪ್ಪು ಗೊತ್ತಾದ ಕೂಡಲೇ ಅದನ್ನು ಹೊಡೆದು ಹಾಕಿ ಸರಿಯಾದ ಕಡೆ ಮತ್ತೆ ಹಾಕಿದಳು. ನಮ್ಮಲ್ಲಿ ಪಕ್ಕದಲ್ಲಿ ಒಂದು ಚಿಕ್ಕ ಸಹಿ ಹಾಕಿದರೆ ಮುಗಿಯಿತು. ಅಲ್ಲಿ ಹೊಡೆದು ಹಾಕಿದ ಟೈಟಲ್ ಅಂದರೆ ಅನುಮಾನದ ಟೈಟಲ್. ಯಾಕೆ ಹಾಗಾಯಿತು ಅಂತ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ ಅನ್ನುವ ಇನ್ನೊಂದು ಫಾರಂ ಬರೆಯಬೇಕು. ಅದೂ ಹೋಗಿ ಬಂತು. ಅಷ್ಟರಲ್ಲಿ ಸ್ಮಾಗ್ ಸರ್ಟಿಫಿಕೇಟಿನ 90 ದಿನ ಮುಗಿದಿತ್ತು. ಮತ್ತೆ ಟೆಸ್ಟ್. ನಾನು ಶಿವಮೊಗ್ಗಕ್ಕೆ ಬಂದಿಳಿದದ್ದು ಗಣೇಶ ಚತುರ್ಥಿ ಕಳೆದ ಮೇಲೆ. ಇನ್ಶೂರೆನ್ಸ್, ವಿಮಾನದ ಟಿಕೆಟ್ ಬದಲಾವಣೆ, ಕೊರಿಯರ್ ಎಲ್ಲ ಸೇರಿ 1,400 ಡಾಲರ್ ಹೋಯಿತು. ಬೆಲೆಯಲ್ಲಿ ಬಿಟ್ಟದ್ದು ಬೇರೆ.

ಆದ್ದರಿಂದ ಕೊಳ್ಳುವ ದಿನವೇ ಗುಮಾಸ್ತನಿಗೆ ಹೇಳಿ, ನಮಗೆ 'ಆರ್' ಹಾಕು ಅಂತ. ಮನೆಗೆ ಟೈಟಲ್ ಬಂದ ದಿನ ತೆಗೆದು ನೋಡಿ. ಸಾಲ ಇದ್ದರೆ ಟೈಟಲ್ ಬ್ಯಾಂಕಿನ ಹತ್ತಿರ ಇರುತ್ತದೆ, ಸಾಲ ತೀರಿದ ಮೇಲೆ ಬರುತ್ತದೆ, ಆಗ ನೋಡಿ. ಗೆರೆ ಕಂಡರೆ ಇಬ್ಬರೂ ಒಂದೇ ಊರಲ್ಲಿರುವಾಗಲೇ ಡಿಎಂವಿಗೆ, ಅಂದರೆ ಅಲ್ಲಿನ ಆರ್‌ಟಿಒಗೆ, ಹೋಗಿ ಬದಲಿಸಿಕೊಳ್ಳಿ. ಅದೂ ಆಗಲಿಲ್ಲ, ನಾಳೆ ಅವಳ ವಿಮಾನ ಅಂತಾದರೆ ಡಿಎಂವಿಯ ರೆಗ್ 260 ಅನ್ನುವ ಪವರ್ ಆಫ್ ಅಟಾರ್ನಿ ಫಾರಂಗೆ ಸಹಿ ಹಾಕಿಸಿ, ಅಲ್ಲೇ ಹತ್ತಿರದ ನೋಟರಿ ಹತ್ತಿರ ಮುದ್ರೆ ಒತ್ತಿಸಿ ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ನೋಟರಿ ಒಂದು ಸಹಿಗೆ 15 ಡಾಲರಿಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬಾಣಂತನಕ್ಕೆ ಬರುವವರು, ಅಪ್ಪನಿಗೆ ಹುಷಾರಿಲ್ಲ ಅಂತ ಓಡಿ ಬರುವವರು, ಎಲ್ಲರೂ ಪಾಸ್‌ಪೋರ್ಟ್ ಹುಡುಕುತ್ತಾರೆ. ಕಾರು ಯಾರಿಗೆ ನೆನಪಿರುತ್ತದೆ?

'ಆರ್'ಗೂ ಒಂದು ಮುಳ್ಳಿದೆ. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಕಾರು ಮಾರಬಹುದು. ಮನೆಯಲ್ಲಿ ಆ ಭಯ ಇದ್ದರೆ ಗೆರೆಯೇ ಇರಲಿ, ನಾನು ಮಧ್ಯೆ ಬರುವುದಿಲ್ಲ. ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಿಯಮ ಕೇಳಿ ತಿಳಿದುಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ಒಂದು ವಿಷಯದಲ್ಲಿ ಅವರದ್ದೇ ವಾಸಿ. ಮಾರಿದ ಐದು ದಿನದೊಳಗೆ 'ರಿಲೀಸ್ ಆಫ್ ಲಯಬಿಲಿಟಿ' ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. ಐದು ನಿಮಿಷದ ಕೆಲಸ. ಆಮೇಲೆ ಕೊಂಡವನು ಎಲ್ಲಿ ಪಾರ್ಕ್ ಮಾಡಿ ದಂಡ ಹಾಕಿಸಿಕೊಂಡರೂ ನಮಗೆ ಸಂಬಂಧವಿಲ್ಲ. ಇದನ್ನು ಮರೆಯಬೇಡಿ, ತುಂಬಿದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ನನ್ನ ಹಳೇ ಕೆಎ 14 ಸ್ಕೂಟರ್ ಮಾರಿ ಎಷ್ಟೋ ವರ್ಷ ಆಯಿತು. 29, 30ನೇ ನಂಬರ್ ಫಾರಂಗೆ ಸಹಿ ಹಾಕಿ ಕೊಟ್ಟಿದ್ದೆ. ಕೊಂಡವನು ಇನ್ನೂ ಹೆಸರು ಬದಲಿಸಿಕೊಂಡಿಲ್ಲ. ಮೊನ್ನೆ ಫೋನಿಗೆ ಇ-ಚಲನ್ ಬಂತು. ಗೋಪಿ ಸರ್ಕಲ್, ಹೆಲ್ಮೆಟ್ ಇಲ್ಲ, ಹಿಂದೆ ಒಂದು ಅಡಿಕೆ ಚೀಲ.